792 ಭಾನುವಾರಗಳು

1823ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಹೆಸರು ‘ಲೆಟರ್ಸ್ ಆನ್ ದ ಸ್ಟೇಟ್ ಆಫ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ’. ಬರೆದವರು ಅಬ್ಬೆ ಡುಬಾಯ್ ಎಂಬ ಫ್ರೆಂಚ್ ಕಥೋಲಿಕ ಪಾದ್ರಿ. ಇವರ ಇನ್ನೊಂದು ಪುಸ್ತಕ, ಹಿಂದೂಗಳ ರೀತಿನೀತಿ ಆಚಾರಗಳ ಬಗ್ಗೆ ಬರೆದದ್ದು, ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. ಅದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 1823ರದ್ದನ್ನು ಮಾತ್ರ ಯಾರೂ ತೆಗೆಯೋದಿಲ್ಲ. ಯಾಕಂದ್ರೆ ಅದರ ಸಾರಾಂಶ ಇಷ್ಟೇ: ನಾನು ಮೂವತ್ತು ವರ್ಷ ಇಂಡಿಯಾದಲ್ಲಿದ್ದೆ, ನನ್ನ ಕೈಯಲ್ಲಿ ಏನೂ ಆಗಲಿಲ್ಲ, ಇನ್ನು ಮುಂದೆ ಯಾರ ಕೈಯಲ್ಲೂ ಆಗೋದಿಲ್ಲ.

ಲೆಕ್ಕವನ್ನೂ ಕೊಡುತ್ತಾರೆ. ಒಬ್ಬ ದೇಶೀಯ ಪಾದ್ರಿಯ ಸಹಾಯದೊಂದಿಗೆ ಇಷ್ಟೂ ವರ್ಷಗಳಲ್ಲಿ ಕ್ರೈಸ್ತರಾದವರು 200ರಿಂದ 300 ಜನ. ಅವರಲ್ಲೂ ಬಹುಪಾಲು ಬೇರೆ ದಾರಿ ಇಲ್ಲದೆ ಬಂದವರು, ಮದುವೆ ಸಂಬಂಧ ಬೇಕಾಗಿ ಬಂದವರು ಎಂದು ತಾವೇ ಬರೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಅಪ್ರೈಸಲ್ ಫಾರಂ ತುಂಬುವ ನಮ್ಮಂಥವರಿಗೆ ಇದರ ಬೆಲೆ ಗೊತ್ತಾಗುತ್ತೆ. ಪ್ರೊಟೆಸ್ಟೆಂಟ್ ಮಿಷನರಿಗಳಿಗೆ ಸಿಟ್ಟು ಬಂತು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬಿಬ್ಬರು ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ಆ ಜಗಳ ನನಗೆ ಮುಖ್ಯ ಅಲ್ಲ. ಒಬ್ಬ ಪಾದ್ರಿ, ಒಣಗಿದ ಹೊಲದ ಬದುವಿನ ಮೇಲೆ ನಿಂತು ಇಲ್ಲಿ ಬೆಳೆ ಇಲ್ಲ ಅಂತ ಹೇಳಿದನಲ್ಲ, ಅದು ಮುಖ್ಯ.

ಕ್ರೈಸ್ತರ ಆಧ್ಯಾತ್ಮಿಕ ಬರಹಗಳಲ್ಲಿ ಈ ಒಣಗುವಿಕೆಗೆ ದೊಡ್ಡ ಇತಿಹಾಸವೇ ಇದೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಕೂತ ಇವಾಗ್ರಿಯಸ್ ಎಂಬ ಸನ್ಯಾಸಿ ಇದಕ್ಕೆ ಮಧ್ಯಾಹ್ನದ ಪಿಶಾಚಿ ಅಂತ ಹೆಸರಿಟ್ಟ. ಅವನ ವರ್ಣನೆ ಪ್ರಕಾರ ಅದು ಹಿಡಿದಾಗ ಸೂರ್ಯ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ, ದಿನಕ್ಕೆ ಐವತ್ತು ಗಂಟೆ ಇದೆಯೇನೋ ಅನಿಸುತ್ತದೆ. ಊಟದ ಹೊತ್ತಾಯಿತೇ ಎಂದು ಕಿಟಕಿಯಲ್ಲಿ ಇಣುಕುವುದು, ಯಾರಾದರೂ ಮಾತಾಡಿಸಲು ಬರುತ್ತಾರಾ ಅಂತ ಆ ಕಡೆ ಈ ಕಡೆ ನೋಡುವುದು. ಮಧ್ಯಾಹ್ನ ಮೂರು ಗಂಟೆಯ ಆಫೀಸು ಅಂದುಕೊಳ್ಳಿ, ಕಿಟಕಿ ಬದಲು ಫೋನು. 1577ರ ಕೊನೆಯಲ್ಲಿ ಸ್ಪೇನಿನ ಶಿಲುಬೆಯ ಯೋಹಾನರನ್ನು ಅವರದೇ ಸಭೆಯ ಸನ್ಯಾಸಿಗಳು ಟೊಲೆಡೊದಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳ ಮೇಲೆ ತಪ್ಪಿಸಿಕೊಂಡು ಬಂದವರು ಆತ್ಮದ ಕತ್ತಲ ರಾತ್ರಿಯ ಬಗ್ಗೆ ಬರೆದರು. ಮದರ್ ತೆರೇಸಾ ತೀರಿಹೋಗಿ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದಾಗ ಸುಮಾರು ಅರ್ಧ ಶತಮಾನ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸುಳಿವೇ ಸಿಗುತ್ತಿರಲಿಲ್ಲ ಅಂತ ಗೊತ್ತಾಗಿ ಜಗತ್ತಿಗೆ ಆಶ್ಚರ್ಯವಾಯಿತು.

ಆದರೆ ಇವರೆಲ್ಲ ಸಂತರು. ಒಣಗಿದ್ದನ್ನೂ ಚೆನ್ನಾಗಿ ಬರೆಯಬಲ್ಲವರು. ಬರೆಯಲು ಬಾರದ, ಗದ್ದೆ ಮಾಡಿಕೊಂಡಿದ್ದ ಜನ ಒಂದು ಒಣ ಕಾಲವನ್ನು ಹೇಗೆ ದಾಟುತ್ತಾರೆ? ಇದಕ್ಕೆ ಉತ್ತರ ಹುಡುಕಲು ಈಜಿಪ್ಟಿಗೆ ಹೋಗಬೇಕಾಗಿಲ್ಲ, ನಮ್ಮೂರಿನ ಘಟ್ಟ ಇಳಿದರೆ ಸಾಕು.

ನಮ್ಮೂರು ಮಾಸ್ತಿಕಟ್ಟೆ. ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೋಗುವವರು ಹುಲಿಕಲ್ ಘಾಟಿ ಇಳಿಯುವ ಮೊದಲು ಸಿಗುವ ಊರು. ಕೆಪಿಸಿಯ ವರಾಹಿ ಯೋಜನೆ ಬಂದಮೇಲೆ ಕಾಲೊನಿ, ಕ್ವಾರ್ಟರ್ಸು, ಎಲ್ಲ ಕಡೆಯ ಜನ. ಮಳೆಯಲ್ಲಿ ಹುಲಿಕಲ್ ಆಗುಂಬೆಯನ್ನೂ ಹಿಂದೆ ಹಾಕುವ ವರ್ಷಗಳುಂಟು. ಬರ ಅನ್ನೋ ಪದ ನಾವು ಪಠ್ಯಪುಸ್ತಕದಲ್ಲಿ ಕಲಿತದ್ದು. ಘಟ್ಟದ ಬುಡದಲ್ಲಿ ಹೊಸಂಗಡಿ. ಅಲ್ಲಿ ನೆಲದೊಳಗೆ ಪವರ್ ಹೌಸು. ಘಟ್ಟದ ಮೇಲೆ ಇನ್ನೊಂದು ದಿಕ್ಕಿಗೆ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ.

ಕರಾವಳಿಯನ್ನೂ ಆಳುತ್ತಿದ್ದವರು ಇದೇ ಕೆಳದಿಯವರು. ಗೋವೆಯಿಂದ ತಲೆಮಾರುಗಳ ಕಾಲ ದಕ್ಷಿಣಕ್ಕೆ ಬಂದ ಕೊಂಕಣಿ ಮಾತಾಡುವ ಕಥೋಲಿಕರು ಗಂಗೊಳ್ಳಿ, ಕುಂದಾಪುರ, ಕಲ್ಯಾಣಪುರ, ಮಂಗಳೂರುಗಳಲ್ಲಿ ಬೇರು ಬಿಟ್ಟದ್ದು ಹೆಚ್ಚಾಗಿ ಇವರ ರಾಜ್ಯದಲ್ಲಿ. ಬೇಸಾಯಗಾರರು ಬೇಕಿತ್ತು, ಬಂದವರಿಗೆ ಬೇಸಾಯ ಗೊತ್ತಿತ್ತು. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು. ಇಪ್ಪತ್ತು ವರ್ಷದ ಮೇಲೆ, 1783ರ ಜನವರಿಯಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರದಿಂದ ಸೈನ್ಯ ತಂದು ಹೊಸಂಗಡಿ ಘಾಟಿ ಹತ್ತಿ ಬಿದನೂರನ್ನು ಹಿಡಿದ. ಅದೇ ಬೇಸಿಗೆಯಲ್ಲಿ ಟಿಪ್ಪು ಬಂದು ವಾಪಸ್ ಕಿತ್ತುಕೊಂಡ. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರು ಎಂಬ ಗುಮಾನಿ ಹುಟ್ಟಿದ್ದು ಈ ಯುದ್ಧದಲ್ಲಿ.

ಮುಂದಿನದ್ದು ಬಹಳ ಜನಕ್ಕೆ ಗೊತ್ತು, ನವೆಂಬರ್ ಬಂದರೆ ಟಿವಿಯಲ್ಲಿ ಕಿರುಚಾಡುವವರಿಗಂತೂ ಚೆನ್ನಾಗಿ ಗೊತ್ತು. 1784ರ ಫೆಬ್ರವರಿ 24ರಂದು ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಎಷ್ಟು ಜನ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. 30 ಸಾವಿರದಿಂದ 80 ಸಾವಿರದವರೆಗೆ ಹೇಳಿದವರಿದ್ದಾರೆ, ಡುಬಾಯ್ ಹೇಳುವುದು 60 ಸಾವಿರ. ಇಗರ್ಜಿಗಳನ್ನು ಕೆಡವಿದರು, ಪಾದ್ರಿಗಳನ್ನು ಗಡಿಪಾರು ಮಾಡಿದರು. ಗಂಡಸರಿಗೆ ಸುನ್ನತಿ, ಹೊಸ ಹೆಸರು, ಹರೆಯದವರು ಸೈನ್ಯಕ್ಕೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ವಾದಕ್ಕೆ ನಾನು ಇಳಿಯೋದಿಲ್ಲ. ಆ ವಾದದಲ್ಲಿ ಈ ಜನ ಬರೀ ಒಂದು ಸಂಖ್ಯೆಯಾಗಿ ಮಾತ್ರ ಬರುತ್ತಾರೆ.

ಆ ದಿನ ಬೂದಿ ಬುಧವಾರ, ಅಂದರೆ ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಮೊದಲ ದಿನ ಅಂತ ನಂಬಿಕೆ. ನನ್ನದು ಕೋಡು ಬರೆಯುವ ಕೈ, ಸುಮ್ಮನಿರದೆ ಲೆಕ್ಕ ಹಾಕಿದೆ. 1784ರ ಈಸ್ಟರ್ ಏಪ್ರಿಲ್ 11ಕ್ಕೆ ಬೀಳುತ್ತದೆ. ಬೂದಿ ಬುಧವಾರ ಫೆಬ್ರವರಿ 25. 24 ಮಂಗಳವಾರ. ಒಂದು ದಿನದ ವ್ಯತ್ಯಾಸ, ದೊಡ್ಡದೇನಲ್ಲ. ಇಷ್ಟೊಂದು ಜನರನ್ನು ಹಿಡಿಯುವ ಕೆಲಸ ಒಂದೇ ದಿನಕ್ಕೆ ಮುಗಿಯುವಂಥದ್ದೂ ಅಲ್ಲ. ತಪಸ್ಸುಕಾಲ ಶುರುವಾಯಿತು, ಮುಗಿಯಲೇ ಇಲ್ಲ ಅಂತ ಜನ ನೆನಪಿಟ್ಟುಕೊಂಡರು, ಅಷ್ಟೇ.

ಲೆಕ್ಕಕ್ಕೆ ಕೂತವನು ಇನ್ನೊಂದನ್ನೂ ಮಾಡಿದೆ. 1784ರ ಫೆಬ್ರವರಿ 24ರಿಂದ ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ರವರೆಗೆ ಎಷ್ಟು ಭಾನುವಾರ? 792. ಆ ಮೇ 4 ಶನಿವಾರ.

ಸೆರೆಯ ಕಥೆ ಹೇಳುವವರೆಲ್ಲ ಮೊದಲ ಆರು ವಾರದ ನಡಿಗೆಯನ್ನು ಹೇಳುತ್ತಾರೆ, ಕೊನೆಯ ದಿನದ ಕೋಟೆಯನ್ನು ಹೇಳುತ್ತಾರೆ. ನಡುವಿನ ಭಾನುವಾರಗಳನ್ನು ಯಾರೂ ಹೇಳೋದಿಲ್ಲ. ಸರ್ವರ್ ಲಾಗ್ ನೋಡುವವರಿಗೆ ಇದು ಹೊಸದಲ್ಲ. ಕೆಟ್ಟು ನಿಂತಾಗ ಪುಟಗಟ್ಟಲೆ ಬರುತ್ತದೆ, ಸುಮ್ಮನೆ ಓಡುತ್ತಿದ್ದ ದಿನ ಒಂದು ಸಾಲೂ ಇರೋದಿಲ್ಲ. ನಾನೂರನೇ ಭಾನುವಾರ ಏನಾಗಿರಬಹುದು? ಎಂಟನೇ ವರ್ಷ. ಹೊಡೆತದ ಬಿಸಿ ಆರಿದೆ. ಹೊಸ ಹೆಸರಿಗೆ ಬಾಯಿ ಒಗ್ಗಿದೆ. ಇಲ್ಲೇ ಹುಟ್ಟಿದ ಮಗುವಿಗೆ ಏಳು ವರ್ಷ, ಅದು ಇಗರ್ಜಿಯ ಗಂಟೆ ಕೇಳಿಲ್ಲ. ಬಿಡುಗಡೆಯ ಸುದ್ದಿ ಎಲ್ಲೂ ಇಲ್ಲ. ಹಿಂಸೆಗೆ ಎದುರು ನಿಲ್ಲಲು ಧೈರ್ಯ ಬೇಕು ಸರಿ. ನಾನೂರನೇ ಭಾನುವಾರಕ್ಕೆ ಏನು ಬೇಕು?

ಕಥೋಲಿಕರಿಗೆ ಪಾದ್ರಿ ಇಲ್ಲ ಅಂದರೆ ಏನು ಇಲ್ಲ ಅನ್ನೋದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಲಿಪೂಜೆ ಇಲ್ಲ. ಪ್ರಸಾದ ಇಲ್ಲ. ಪಾಪನಿವೇದನೆ ಇಲ್ಲ, ಹಾಗಾಗಿ ಕ್ಷಮೆಯ ಮಾತು ಕಿವಿಗೆ ಬೀಳೋದಿಲ್ಲ. ಸಾಯುವಾಗ ಹಣೆಗೆ ಎಣ್ಣೆ ಹಚ್ಚುವವರಿಲ್ಲ. ಮನಸ್ಸಿಗೆ ಹಿತ ಕೊಡುವುದು ಯಾವುದೋ ಅದೆಲ್ಲ ಹೋಯಿತು. ಉಳಿಯುವುದು ಏನು? ದೀಕ್ಷಾಸ್ನಾನ ಉಳಿಯುತ್ತದೆ, ತುರ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ನೀರು ಮತ್ತು ಮೂರು ಹೆಸರು ಸಾಕು. ಪಾದ್ರಿ ಸಿಗುವ ದಾರಿಯೇ ಇಲ್ಲದ ಕಡೆ ಸಾಕ್ಷಿಗಳ ಮುಂದೆ ಆದ ಮದುವೆಯನ್ನೂ ಧರ್ಮಸಭೆ ಒಪ್ಪುತ್ತದೆ. ಬಾಯಿಪಾಠದ ಪ್ರಾರ್ಥನೆಗಳಿವೆ. ಉಪವಾಸ ಇದೆ. ಜಪಸರಕ್ಕೆ ಸರವೇ ಬೇಕೆಂದಿಲ್ಲ, ಬೆರಳಿದ್ದರೆ ಆಯಿತು. ಒಟ್ಟಿನಲ್ಲಿ ಉಳಿಯುವುದೆಲ್ಲ ನೀರಸವಾದದ್ದು, ಮತ್ತೆ ಮತ್ತೆ ಮಾಡುವಂಥದ್ದು.

ನಮ್ಮನೇಲಿ ಸಂಜೆ ತೆರ್ಸ್ ಆಗ್ತಿತ್ತು. ಕೊಂಕಣಿಯಲ್ಲಿ ಜಪಸರದ ಪ್ರಾರ್ಥನೆಗೆ ತೆರ್ಸ್ ಅಂತಾರೆ. ಜೂನ್ ಜುಲೈನಲ್ಲಿ ಘಟ್ಟದ ಮಳೆಗೆ ಕರೆಂಟು ಹೋಗ್ತಿತ್ತು (ಕೆಳಗೆ ಹೊಸಂಗಡಿಯಲ್ಲಿ ರಾಜ್ಯಕ್ಕೆಲ್ಲ ಕರೆಂಟು ತಯಾರಾಗ್ತಿದ್ರೂ ನಮಗೆ ಚಿಮಣಿ ದೀಪವೇ). ಹಂಚಿನ ಮೇಲೆ ಬೀಳುವ ಮಳೆ ಸದ್ದಿನಲ್ಲಿ ಒಬ್ಬರು ಹೇಳಿದ್ದು ಒಬ್ಬರಿಗೆ ಕೇಳಿಸ್ತಿರಲಿಲ್ಲ. ಅಜ್ಜಿ ಅರ್ಧಕ್ಕೇ ತೂಕಡಿಸ್ತಿದ್ರು. ವಿಚಿತ್ರ ಅಂದ್ರೆ ತೂಕಡಿಸುವಾಗಲೂ ತುಟಿ ಆಡ್ತಾ ಇರ್ತಿತ್ತು, ಬೆರಳು ಮಣಿ ದಾಟಿಸ್ತಾ ಇರ್ತಿತ್ತು, ಸರಿಯಾದ ಜಾಗಕ್ಕೆ ಬಂದು “ಆಮೆನ್” ಅನ್ನೋರು. “ಅಜ್ಜಿ, ನೀವು ನಿದ್ದೆ ಮಾಡ್ತಿದ್ರಿ” ಅಂದ್ರೆ, “ನಾನು ಮಲಗಿದ್ರೆ ಏನಂತೆ, ತೆರ್ಸ್ ಮಲಗಿಲ್ಲವಲ್ಲ” ಅನ್ನೋರು. ಆಗ ನಗು ಬರ್ತಿತ್ತು. ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಯಿತು. ಕಳೆದ ಮೂರ್ನಾಲ್ಕು ವರ್ಷಗಳಿಂದ ಭಾನುವಾರ ಪೂಜೆಗೆ ಹೋಗಿ ಕೂತರೆ ಏನೂ ಅನಿಸೋದಿಲ್ಲ. ಸಿಟ್ಟಿಲ್ಲ, ಅನುಮಾನ ಅಂತಲೂ ಇಲ್ಲ, ಬರೀ ಏನೂ ಇಲ್ಲ. ಎದ್ದು ನಿಲ್ಲು ಅಂದಾಗ ನಿಲ್ತೀನಿ, ಕೂರು ಅಂದಾಗ ಕೂರ್ತೀನಿ. ಈ ಇತಿಹಾಸ ಕೆದಕೋಕೆ ಶುರು ಮಾಡಿದ್ದು ಆ ಏನೂ ಇಲ್ಲದ ಭಾನುವಾರಗಳಲ್ಲಿ.

1799ಕ್ಕೆ ಬರೋಣ. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಲು ಬಂದವರೇ ಅಬ್ಬೆ ಡುಬಾಯ್. ಫ್ರಾನ್ಸಿನ ಆರ್ಡೆಶ್ ಪ್ರಾಂತದ ಹಳ್ಳಿಯವರು. ಕ್ರಾಂತಿ ನಡೆಯುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಹಡಗು ಹತ್ತಿ ಬಂದಿದ್ದರು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದವರು. ಇಲ್ಲಿಯವರ ಹಾಗೆ ಬಟ್ಟೆ, ತಲೆಗೆ ಪೇಟ, ಇಲ್ಲಿಯದೇ ಊಟ.

ಅವರ ಮುಂದೆ ಬಂದು ನಿಂತವರು ಹೀಗಿದ್ದರು: ಸುನ್ನತಿಯಾದವರು, ಮುಸ್ಲಿಂ ಹೆಸರಿನವರು, ಹದಿನೈದು ವರ್ಷ ಇಗರ್ಜಿ ಕಾಣದವರು. ಈಗ ನಮ್ಮನ್ನು ವಾಪಸ್ ತಗೊಳ್ಳಿ ಎಂದು ಕೇಳಿದರು. ಡುಬಾಯ್ ತೆಗೆದುಕೊಂಡರು. ಆದರೆ ಅವರಿಗೆ ಅದು ಮನಸ್ಸಿಗೆ ಒಗ್ಗಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೂ ತಮ್ಮ ‘ಲೆಟರ್ಸ್’ನಲ್ಲಿ ಈ ಜನರನ್ನು ಅವರು ಬಿಡುವುದಿಲ್ಲ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು ನಾನು ಕ್ರೈಸ್ತ ಎಂದು ಹೇಳಿ ಸಾಯಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂಬ ಅರ್ಥದಲ್ಲಿ ಬರೆಯುತ್ತಾರೆ. ಮಂಗಳೂರು ಕಡೆಯಲ್ಲಿ ಹೇಳುವ ಕಥೆಗಳು ಬೇರೆ. ಬಗ್ಗದೆ ಸತ್ತವರ ನೆನಪು ಅಲ್ಲಿದೆ. ಅದು ಹಾಗಿರಲಿ, ಡುಬಾಯ್ ಹೇಳಿದ್ದೇ ನಿಜ ಅಂತ ಇಟ್ಟುಕೊಂಡರೂ ನನಗೆ ಅವರ ತೀರ್ಪು ಒಪ್ಪಿಗೆಯಿಲ್ಲ.

ಯಾಕೆ ಅಂದರೆ, ಅವರ ಕಣ್ಣೆದುರಿಗೇ ಒಂದು ಸಂಗತಿ ನಡೆಯಿತು, ಅದರ ತೂಕವನ್ನು ಅವರು ಹಿಡಿಯಲಿಲ್ಲ. ಸೆರೆಯಿಂದ ಹಿಂತಿರುಗಿದ ಸಾವಿರಾರು ಜನ ನೇರವಾಗಿ ಘಟ್ಟ ಇಳಿದು ಕರಾವಳಿಗೆ ಹೋದರು. ಅಲ್ಲಿ ಅವರಿಗೆ ಮನೆ ಇರಲಿಲ್ಲ, ಗದ್ದೆಯನ್ನು ಬೇರೆಯವರು ಮಾಡುತ್ತಿದ್ದರು, ಇಗರ್ಜಿ ನೆಲಸಮ. ಟಿಪ್ಪು ಸತ್ತಮೇಲೆ ಇವರನ್ನು ಯಾರೂ ಬಲವಂತ ಮಾಡುವವರಿಲ್ಲ, ಯಾವ ಕಡೆಗೂ. ಶ್ರೀರಂಗಪಟ್ಟಣದಲ್ಲೇ ಉಳಿಯಬಹುದಿತ್ತು, ಹೊಸ ಹೆಸರಲ್ಲೇ ಬದುಕಬಹುದಿತ್ತು. 1784ರಲ್ಲಿ ಕೆಡವಿದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1811ರಲ್ಲಿ ಮತ್ತೆ ಕಟ್ಟಿದರು. ಹೊರಗೆ ಕಾಣುವ ಧರ್ಮ ಇಲ್ಲದ 792 ಭಾನುವಾರ ಒಳಗೆ ಏನೋ ಒಂದು ಓಡುತ್ತಲೇ ಇತ್ತು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ? ಡುಬಾಯ್ ಬೆಂಕಿಗಾಗಿ ಹುಡುಕುತ್ತಿದ್ದರು. ಹಳ್ಳಿ ಮನೆಯ ಒಲೆಯಲ್ಲಿ ರಾತ್ರಿ ಬೆಂಕಿ ಇರೋದಿಲ್ಲ, ಬೂದಿ ಮುಚ್ಚಿದ ಕೆಂಡ ಇರುತ್ತೆ. ಇದು ಆರ್ಡೆಶಿನ ಹಳ್ಳಿಯವರಿಗೂ ಗೊತ್ತಿರಬೇಕಿತ್ತು.

ಅವರನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶ ಅಲ್ಲ. ಆ ಪಾದ್ರಿಯ ಜೀವನವನ್ನೇ ನೋಡಿ. ಮತಾಂತರದ ಕೆಲಸ ಒಣಗಿತು ಅಂತ ಗೊತ್ತಾದ ಮೇಲೂ ಊರು ಬಿಡಲಿಲ್ಲ. ಎಡ್ವರ್ಡ್ ಜೆನ್ನರ್ ದೇವಿ ಹಾಕುವುದನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು 1798ರಲ್ಲಿ. ಐದಾರು ವರ್ಷದೊಳಗೆ, 1803-04ರಲ್ಲಿ, ಡುಬಾಯ್ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿ ಪಟ್ಟಿ ಬರೆದಿಟ್ಟಿದ್ದರು. ಸಿಡುಬು ಅಂದರೆ ಮಾರಿಯ ಕೋಪ ಅಂತ ನಂಬಿದ ಜನರನ್ನು ಮನೆ ಮನೆಯಲ್ಲಿ ಒಪ್ಪಿಸುವ ಕೆಲಸ. 2021ರಲ್ಲಿ ಮನೆಯ ಹಿರಿಯರಿಗೆ ಕೋವಿಡ್ ಲಸಿಕೆ ಹಾಕಿಸಲು ಪಟ್ಟ ಪಾಡು ನೆನಪಿಸಿಕೊಳ್ಳಿ. ಮೂವತ್ತು ವರ್ಷದ ಸಾಧನೆ 300 ಅಂತ ಲೆಕ್ಕ ಕೊಡುವಾಗ ಈ 25 ಸಾವಿರವನ್ನು ಅವರು ಆ ಪಟ್ಟಿಗೆ ಸೇರಿಸುವುದಿಲ್ಲ. ಅದು ಬೇರೆ ಖಾತೆ ಅಂತ ತಿಳಿದಿದ್ದರು.

ಇನ್ನೊಂದು, ಹಾಸನದ ಹತ್ತಿರ ಸಾತಹಳ್ಳಿ. ನೆಲೆ ಇಲ್ಲದ ಕ್ರೈಸ್ತರಿಗೆ ಬೇಸಾಯದ ಭೂಮಿ ಮಾಡಿಕೊಟ್ಟು ಡುಬಾಯ್ ಅಲ್ಲಿ ಒಂದು ಹಳ್ಳಿಯನ್ನು ನಿಲ್ಲಿಸಿದರು. ಇಂದಿಗೂ ಅಲ್ಲಿ ಕನ್ನಡ ಮಾತಾಡುವ ಕಥೋಲಿಕ ರೈತರಿದ್ದಾರೆ. ನೀವು ಸಾತಹಳ್ಳಿ ಹೆಸರು ಕೇಳಿರಲಿಕ್ಕಿಲ್ಲ, ಅದೇ ಸೀಮೆಯ ಶೆಟ್ಟಿಹಳ್ಳಿಗೆ ಮಾತ್ರ ವೀಕೆಂಡ್‌ನಲ್ಲಿ ಬೈಕ್ ಹೊಡೆದುಕೊಂಡು ಹೋಗಿರ್ತೀರಿ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಮೇಲೆದ್ದು ನಿಲ್ಲುವ ಆ ಪಾಳು ಇಗರ್ಜಿಯ ಫೋಟೊ ಯಾರ ಇನ್‌ಸ್ಟಾಗ್ರಾಮಿನಲ್ಲಿಲ್ಲ? ಅದು ಡುಬಾಯ್ ಹೋದಮೇಲೆ, 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟು ಬಂದಾಗ ಊರಿನವರು ಸಾಮಾನು ಕಟ್ಟಿಕೊಂಡು ಬೇರೆ ಕಡೆ ಹೋಗಿ ನೆಲೆಸಿದರು. ಅಣೆಕಟ್ಟಿನ ಕಡೆಯಿಂದ ಬಂದವನಾದ್ದರಿಂದ ನನಗೆ ಆ ಫೋಟೊದಲ್ಲಿ ಗೋಡೆಗಿಂತ ಹೆಚ್ಚಾಗಿ ಆ ಸಾಮಾನು ಕಟ್ಟಿದವರೇ ಕಾಣ್ತಾರೆ. ಅವರ ಭಾನುವಾರದ ಪೂಜೆ ಈಗ ಹೊಸ ಊರಿನಲ್ಲಿ, ಫೋಟೊ ತೆಗೆಯುವವರಿಲ್ಲದ ಕಡೆ.

1823ರಲ್ಲಿ ಡುಬಾಯ್ ಫ್ರಾನ್ಸಿಗೆ ಮರಳಿದರು. ಸೋತೆ ಎಂದು ಪುಸ್ತಕ ಬರೆದವರನ್ನು ಪ್ಯಾರಿಸ್ಸಿನ ಅವರ ಸಂಸ್ಥೆ ಮೂಲೆಗೆ ಕೂರಿಸಲಿಲ್ಲ, ಪೂರ್ವ ದೇಶಗಳಿಗೆ ಹೋಗುವ ಹೊಸ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯ ಕೆಲಸಕ್ಕೆ ಹಾಕಿತು. ಮುಂದೆ ಕೆಲ ವರ್ಷ ಅದರ ಮುಖ್ಯಸ್ಥರೂ ಆಗಿದ್ದರು. ಬಿಡುವಿನಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದರು, 1826ರಲ್ಲಿ. 1848ರಲ್ಲಿ ತೀರಿಕೊಂಡರು. ಬೆಳೆ ಬರೋದಿಲ್ಲ ಅಂತ ಅಚ್ಚು ಹಾಕಿಸಿದ ಮನುಷ್ಯ ಮತ್ತೆ ಇಪ್ಪತ್ತೈದು ವರ್ಷ ಬಿತ್ತನೆಗೆ ಹೋಗುವವರ ಬುತ್ತಿ ಕಟ್ಟಿದರು.

ಅವರು ಸತ್ತು ಹದಿನೇಳು ವರ್ಷಕ್ಕೆ ಅದೇ ಸಂಸ್ಥೆಯ ಇನ್ನೊಬ್ಬ ಪಾದ್ರಿಗೆ, ಜಪಾನಿನಲ್ಲಿ, ಒಂದು ಅನುಭವ ಆಯಿತು. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮ ನಿಷೇಧವಾಗಿತ್ತು. 1644ರಲ್ಲಿ ಕೊನೆಯ ಪಾದ್ರಿಯನ್ನೂ ಕೊಂದಿದ್ದರು. ನಾಗಸಾಕಿಯ ಜನ ವರ್ಷವರ್ಷ ಅಧಿಕಾರಿಗಳ ಮುಂದೆ ಯೇಸುವಿನ ಅಥವಾ ಮರಿಯಳ ಚಿತ್ರವನ್ನು ಕಾಲಲ್ಲಿ ತುಳಿದು ತೋರಿಸಬೇಕಿತ್ತು; ಸ್ಕಾರ್ಸೆಸಿಯ ‘ಸೈಲೆನ್ಸ್’ ಸಿನಿಮಾ ನೋಡಿದವರಿಗೆ ನೆನಪಿರುತ್ತೆ. ಗುಟ್ಟಾಗಿ ಕ್ರೈಸ್ತರಾಗಿದ್ದವರು ತುಳಿಯುತ್ತಿದ್ದರು. ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಮುಂದಿನ ವರ್ಷ ಮತ್ತೆ ತುಳಿಯುತ್ತಿದ್ದರು. ಡುಬಾಯ್ ಅವರ ಅಳತೆಗೋಲಿನಲ್ಲಿ ಇವರೂ ಧೈರ್ಯ ಇಲ್ಲದವರೇ. ಮಕ್ಕಳಿಗೆ ತಾವೇ ದೀಕ್ಷಾಸ್ನಾನ ಕೊಟ್ಟರು, ಊರಿಗೊಬ್ಬ ಹಬ್ಬ ಉಪವಾಸಗಳ ದಿನ ಎಣಿಸುವವನನ್ನು ಇಟ್ಟುಕೊಂಡರು. ಹೀಗೆ 221 ವರ್ಷ. ಏಳು ತಲೆಮಾರು ಆಗಬಹುದು.

1865ರ ಮಾರ್ಚ್ 17. ವಿದೇಶಿಯರಿಗಾಗಿ ನಾಗಸಾಕಿಯಲ್ಲಿ ಆಗತಾನೇ ಕಟ್ಟಿ ಮುಗಿಸಿದ್ದ ಓರಾ ಇಗರ್ಜಿಯ ಬಾಗಿಲಲ್ಲಿ ಉರಾಕಾಮಿ ಹಳ್ಳಿಯ ಹತ್ತು ಹದಿನೈದು ಜನ ಬಂದು ನಿಂತರು. ಫಾದರ್ ಪೆಟಿಜಾನ್ ಬಾಗಿಲು ತೆರೆದು, ಒಳಗೆ ಹೋಗಿ ಮೊಣಕಾಲೂರಿದರು. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮೆಲ್ಲರ ಮನಸ್ಸೂ ನಿಮ್ಮ ಮನಸ್ಸಿನಂಥದ್ದೇ ಅಂತ ಪಿಸುಗುಟ್ಟಿದಳು. ಸಾಂತಾ ಮರಿಯಳ ಪ್ರತಿಮೆ ಎಲ್ಲಿ ಅಂತ ಕೇಳಿದಳು. ತೋರಿಸಿದರು. ಆಮೇಲೆ ಅವರ ಮಾತು ಹಬ್ಬಗಳ ಕಡೆಗೆ ಹೋಯಿತು. ಚಳಿಗಾಲದಲ್ಲಿ ಯೇಸು ಹುಟ್ಟಿದ ದಿನ ಮಾಡುತ್ತೇವೆ, ಈಗ ನಮಗೆ ದುಃಖದ ಕಾಲ ನಡೆಯುತ್ತಿದೆ, ನಿಮ್ಮಲ್ಲೂ ಇದು ಇದೆಯಾ ಅಂತ ವಿಚಾರಿಸಿದರು.

ಆ ವರ್ಷ ಈಸ್ಟರ್ ಏಪ್ರಿಲ್ 16ಕ್ಕೆ, ಬೂದಿ ಬುಧವಾರ ಮಾರ್ಚ್ 1ಕ್ಕೆ. ಹೌದು, ಇದೆ, ಇವತ್ತು ದುಃಖದ ಕಾಲದ ಹದಿನೇಳನೇ ದಿನ ಎಂದರು ಪೆಟಿಜಾನ್.